ಒಂದು ಕೈ ಮೇಲು

ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಕಡೆಯ ಬಸ್ಸು ಹತ್ತಿದವರು ಗಡಿಯಾರ ನೋಡಬಾರದು. ಪಾಂಡವಪುರ ಬಿಟ್ಟು ಕೆ.ಆರ್. ಪೇಟೆ ಕಡೆಗೆ ತಿರುಗಿದರೆ ಸಾಕು, ಎಲ್ಲಾದರೂ ಒಂದು ಕಬ್ಬಿನ ಟ್ರಾಕ್ಟರು ಮುಂದೆ ಸಿಕ್ಕೇ ಸಿಗುತ್ತದೆ. ಹಿಂದೆ ಎರಡು ಟ್ರೈಲರು ಕಟ್ಟಿಕೊಂಡು, ಮನೆಯಷ್ಟೆತ್ತರ ಕಬ್ಬು ಹೇರಿಕೊಂಡು, ಎರಡೂ ಮಗ್ಗುಲಿಗೆ ಸೋಗೆ ಇಳಿಬಿಟ್ಟುಕೊಂಡು, ತುಂಬಿದ ಬಸುರಿ ಮೆಟ್ಟಿಲು ಹತ್ತುವ ಹಾಗೆ ಮಾಕವಳ್ಳಿ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದು ಹೋಗುತ್ತಿರುತ್ತದೆ. ಅದರ ಬೆನ್ನಿಗೆ ನಮ್ಮ ಬಸ್ಸು. ಮೊನ್ನೆ ತವರೂರು ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಾಗಲೂ ಹೀಗೇ ಆಯಿತು.

"ಓವರ್‌ಟೇಕ್ ಮಾಡಣ್ಣೋ, ಅಲ್ಲಿ ಬೀಗರೂಟ ಮುಗ್ದೋಯ್ತದೆ!" ಅಂತ ಹಿಂದಿನ ಸೀಟಿನಿಂದ ಒಬ್ಬ ಕೂಗಿದ.

ಡ್ರೈವರು ತಿರುಗಿಯೂ ನೋಡಲಿಲ್ಲ. "ಮಾಡ್ತೀನಿ ಕಣ್ಲಾ. ಎದ್ರುಗಡೆ ಬತ್ತಾ ಇರೋ ಲಾರಿಯವ್ನಿಗೆ ವಸಿ ನಿಲ್ಲು ಅಂತ ನೀನೇ ಫೋನ್ ಮಾಡಿ ಏಳ್ಬುಡು."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನನಗೊಂದು ಹಾಳು ಅಭ್ಯಾಸ ಇದೆ ನೋಡಿ. ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾ ತಲೆಗೂದಲು ಬೆಳ್ಳಗಾದವಳು ನಾನು. ಯಾವುದಾದರೂ ಮಾತು ಕಿವಿಗೆ ಬಿದ್ದರೆ ಅವರೆಕಾಳು ಹಿತುಕಿದ ಹಾಗೆ ಹಿತುಕಿ, ಸಿಪ್ಪೆ ಬೇರೆ ಬೇಳೆ ಬೇರೆ ಮಾಡುವವರೆಗೆ ಸಮಾಧಾನವಿಲ್ಲ. ಓವರ್‌ಟೇಕ್. ಓವರ್ ಅಂದರೆ ಮೇಲೆ. ಟೇಕ್ ಅಂದರೆ ತೆಗೆದುಕೊಳ್ಳುವುದು. ಮುಂದಕ್ಕೆ ಹೋದವನು ಹಿಂದೆ ಉಳಿದವನಿಂದ ತೆಗೆದುಕೊಂಡದ್ದಾದರೂ ಏನು? ರಸ್ತೆಯನ್ನೇ? ಹೊತ್ತನ್ನೇ? ಸೋಗೆಯ ಘಾಟು ಕಿಟಕಿಯಿಂದ ಒಳಗೆ ಬರುತ್ತಿತ್ತು. ನಾನು ಹಿತುಕುತ್ತಾ ಕೂತೆ.

ನಮ್ಮಪ್ಪನನ್ನು ಇಡೀ ಜಗತ್ತೇ ಓವರ್‌ಟೇಕ್ ಮಾಡಿತ್ತು. ಅವರು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಗುಮಾಸ್ತರು. ರಜೆಯ ದಿನ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ಹೋಗುವಾಗ ಹಾಲಿನವನು ಮುಂದೆ ಹೋಗುತ್ತಿದ್ದ, ಪೋಸ್ಟಿನವನು ಹೋಗುತ್ತಿದ್ದ, ಒಮ್ಮೆಯಂತೂ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಡೆದುಕೊಂಡೇ ನಮ್ಮನ್ನು ದಾಟಿ ಹೋದಳು. ನನಗೆ ಅಳುವೇ ಬಂತು. "ತುಳೀರಪ್ಪ ಜೋರಾಗಿ" ಅಂದರೆ, "ಆಕೆಗೆ ಕೊಟ್ಟಿಗೇಲಿ ಕರ ಕೂಗ್ತಾ ಇರ್ತದೆ ಮಗಳೇ. ನಮಗ್ಯಾರು ಕೂಗ್ತಾವ್ರೆ?" ಅಂದರು. ಆ ಉತ್ತರದಿಂದ ನನಗೆ ಇನ್ನೂ ಸಿಟ್ಟು ಬಂದದ್ದು ಜ್ಞಾಪಕವಿದೆ. ಮನೆಗೆ ಬಂದು ರಾಗಿಮುದ್ದೆ ನುಂಗದೆ ಮುಷ್ಕರ ಹೂಡಿದ್ದೆ. ಮುದ್ದೆ ಆರಿ ಗಟ್ಟಿಯಾದ ಮೇಲೆ ಅದನ್ನೇ ತಿನ್ನಬೇಕಾಯಿತು.

ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಮೇಷ್ಟ್ರು ಮಾತುಗಳನ್ನು ಒಂದೊಂದಾಗಿ ಕಲಿಸುತ್ತಿರಲಿಲ್ಲ, ಮನೆತನ ಸಮೇತ ಕಲಿಸುತ್ತಿದ್ದರು. "ಮಾತುಗಳಿಗೂ ದಾಯಾದಿಗಳಿರ್ತಾರೆ ಕಣ್ರಯ್ಯಾ. ಮುಖ ಒಂದೇ ಥರ, ಬುದ್ಧಿ ಬೇರೆ ಬೇರೆ" ಅನ್ನುತ್ತಿದ್ದರು. ಒಬ್ಬರನ್ನೊಬ್ಬರು ಮೀರಿಸುವ ಮಾತುಗಳ ಮನೆತನ ದೊಡ್ಡದು. ಎಕ್ಸೆಲ್, ಎಕ್ಸೀಡ್ ಅಕ್ಕಪಕ್ಕದ ಮನೆಯವರು. ಒಬ್ಬನಿಗೆ ಊರೆಲ್ಲ ಕೈಮುಗಿಯುತ್ತದೆ, ಇನ್ನೊಬ್ಬನ ಮೇಲೆ ಊರೆಲ್ಲ ದೂರು ಹೇಳುತ್ತದೆ. ಎಕ್ಸೆಲ್ ಆದವನಿಗೆ, ಅಂದರೆ ಮೇಲೆದ್ದು ನಿಂತವನಿಗೆ, ಬಹುಮಾನ. ಎಕ್ಸೀಡ್ ಆದವನಿಗೆ, ಅಂದರೆ ಮಿತಿ ದಾಟಿದವನಿಗೆ, ದಂಡ. ವೇಗವಾಗಲಿ, ಸಕ್ಕರೆ ಕಾಯಿಲೆಯವರ ಬಾಳೆಹಣ್ಣಾಗಲಿ. ಮೂರನೆಯವನು ಸಕ್ಸೀಡ್. ಅವನಿಗೆ ಗೆಲ್ಲುವುದು ಅಂತಲೂ ಅರ್ಥ, ಒಬ್ಬರ ಹಿಂದೆ ಬಂದು ಅವರ ಜಾಗದಲ್ಲಿ ಕೂರುವುದು ಅಂತಲೂ ಅರ್ಥ. ಹಿಂದೆ ಬರುವುದೂ ಗೆಲುವೂ ಒಂದೇ ಮಾತಿನೊಳಗೆ ಹೇಗೆ ಹಿಡಿಸಿತು ಅನ್ನುವುದು ಆಗ ನನ್ನ ಬುದ್ಧಿಗೆ ಎಟುಕಲಿಲ್ಲ. ಪರೀಕ್ಷೆಗೆ ಬೇಕಾದಷ್ಟು ಬಾಯಿಪಾಠ ಮಾಡಿ ಬಿಟ್ಟೆ. ಆ ವರ್ಷದ ಭಾಷಣ ಸ್ಪರ್ಧೆಯಲ್ಲಿ ಈ ಮನೆತನದ ಎಲ್ಲರನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ಮಾತಾಡಿ, ಮೂವರು ಭಾಗವಹಿಸಿದ್ದ ಸ್ಪರ್ಧೆಯಲ್ಲಿ ಮೂರನೆಯವಳಾದೆ.

ಎಷ್ಟೋ ಕಾಲದ ಮೇಲೆ ಈ ಮನೆತನ ಮತ್ತೆ ನಮ್ಮ ಹಿತ್ತಿಲಿಗೇ ಬಂತು. ಅದನ್ನು ಹೇಳಬೇಕೆಂದೇ ಇಷ್ಟು ಸುತ್ತಿದ್ದು.

ನಮ್ಮದು ಶೀಳನೆರೆ ಪಕ್ಕದ ಒಂದು ಹಳ್ಳಿ. ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಈ ಕಡೆ ನಾನು, ನಮ್ಮ ಯಜಮಾನರು. ಆ ಕಡೆ ಮೈದುನ ಶಿವಣ್ಣ, ಓರಗಿತ್ತಿ ಮಂಜುಳ, ಅವರ ಮಗಳು ಭವ್ಯ. ಮನೆ ಎರಡಾದರೂ ಹಿತ್ತಿಲು ಒಂದೇ, ಕೊಟ್ಟಿಗೆಯೂ ಒಂದೇ. ಕೊಟ್ಟಿಗೆ ಪೂರ್ತಿ ಮಂಜುಳನದು. ನಾನು ಸೆಗಣಿ ಬಾಚಬಲ್ಲೆ, ಬೂಸಾ ಕಲಸಬಲ್ಲೆ; ಹಾಲು ಕರೆಯಲು ಕೂತರೆ ಮಾತ್ರ ಹಸು ಹಿಂದೆ ತಿರುಗಿ ನೋಡಿ, ಈಕೆಯೇ ಏನು ಅನ್ನುವ ಹಾಗೆ ಕಾಲು ಎತ್ತಿಡುತ್ತದೆ.

ಆಗ ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸುಗಳಿದ್ದವು. ಒಂದು ಕೆಂಚಿ. ಇನ್ನೊಂದು ಚುಕ್ಕಿ. ಮೈಯೆಲ್ಲ ಕಪ್ಪು, ಹಣೆಯಲ್ಲಿ ಅಂಗೈಯಷ್ಟು ಬಿಳಿ. ಚುಕ್ಕಿ ಹುಟ್ಟಿದ ವಾರಕ್ಕೇ ಅದರ ತಾಯಿ ಹೋಗಿಬಿಟ್ಟಿತ್ತು. ಮಂಜುಳ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ಗೋಣಿತಾಟು ಹೊದಿಸಿ, ಭೇದಿ ಹತ್ತಿದಾಗ ದಾಳಿಂಬೆ ಸಿಪ್ಪೆ ಅರೆದು ಕುಡಿಸಿ ಉಳಿಸಿಕೊಂಡಿದ್ದಳು. ಭವ್ಯ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ ಕಾಲ ಅದು. ಸಂಜೆ ಅಮ್ಮ ಹಾಲು ಕರೆಯುವಾಗ ಕೊಟ್ಟಿಗೆಯ ಕಲ್ಲಿನ ಮೇಲೆ ಮೊಬೈಲು ಹಿಡಿದು ಕೂತು ಇಂಗ್ಲಿಷ್ ಮಾತುಗಳನ್ನು ಜೋರಾಗಿ ಓದುತ್ತಿದ್ದಳು. ನಾನು ಸ್ಕೂಲಿನಿಂದ ಬಂದು ಕಾಲು ತೊಳೆದು ಅಲ್ಲೇ ಸೊಪ್ಪು ಸೋಸಿಕೊಂಡು ಕೂರುತ್ತಿದ್ದೆ.

"ದೊಡ್ಡಮ್ಮ, ಸರ್‌ಪಾಸ್, ಎಕ್ಸೆಲ್, ಔಟ್‌ಡೂ, ಔಟ್‌ಶೈನ್, ಎಕ್ಲಿಪ್ಸ್. ಎಲ್ಲಕ್ಕೂ ಒಂದೇ ಅರ್ಥ ಅಂತ ಕೊಟ್ಟವ್ರೆ. ಒಂದೇ ಆದ್ರೆ ಇಷ್ಟೊಂದು ಯಾಕೆ?" ಅಂತ ಒಂದು ದಿನ ಕೇಳಿದಳು.

"ಒಂದೇ ಅಲ್ಲ ಕಣೆ. ದೀಪದ ಪಕ್ಕ ಬಲ್ಬು ಹಾಕಿದ್ರೆ ದೀಪ ಮಂಕಾಗ್ತದಲ್ಲ, ಅದು ಔಟ್‌ಶೈನ್. ದೀಪಾನೇ ಕಾಣಿಸದ ಹಾಗೆ ಅಡ್ಡ ನಿಂತ್ರೆ ಎಕ್ಲಿಪ್ಸ್, ಗ್ರಹಣ. ಪಕ್ಕದ ಮನೆಯವರು ಒಬ್ಬಟ್ಟು ಮಾಡಿದ್ರು ಅಂತ ನಾವು ಒಬ್ಬಟ್ಟಿನ ಜೊತೆ ಚಿರೋಟಿನೂ ಮಾಡಿದ್ರೆ ಔಟ್‌ಡೂ. ಸರ್‌ಪಾಸ್ ಅಂದ್ರೆ ಸುಮ್ಮನೆ ದಾಟಿ ಆಚೆ ಹೋಗೋದು."

ಹಸುವಿನ ಹೊಟ್ಟೆಯ ಆ ಕಡೆಯಿಂದ ಮಂಜುಳನ ಧ್ವನಿ ಬಂತು: "ಒಬ್ರನ್ನೊಬ್ರು ಇಂದಕ್ಕಾಕಕೆ ಅಷ್ಟೊಂದ್ ಮಾತಾ? ಆ ಇಂಗ್ಲಿಷ್ನೋರ್ಗೆ ಬ್ಯಾರೆ ಕೆಲ್ಸ ಇರ್ಲಿಲ್ವಾ ಅಕ್ಕ?"

"ನಮ್ಮಲ್ಲಿ ಇಲ್ವೇನಮ್ಮ? ನೀನು ದಿನಾ ಅಪ್ಪನ ಮಾತು ಮೀರಲ್ವಾ?" ಅಂದಳು ಭವ್ಯ.

"ಮೀರಾಕಿಲ್ಲ ಕಣೆ. ಕೇಳಿಸ್ಕಳಾಕಿಲ್ಲ, ಅಷ್ಟೆ."

ಚುಕ್ಕಿಯ ಹಾಲು ಬಕೆಟ್ಟಿಗೆ ಬೀಳುವ ಸದ್ದು ಒಂದು ಗಳಿಗೆ ನಿಂತಿತು; ಮಂಜುಳ ನಕ್ಕ ಮೇಲೆ ಮತ್ತೆ ಶುರುವಾಯಿತು.

ಆಗ ನಾನು ಭವ್ಯಳಿಗೆ ಇನ್ನೊಂದು ಹೇಳಿದೆ. ಈ ಮನೆತನದಲ್ಲಿ ಎಕ್ಸೆಲ್ ಒಬ್ಬನೇ ಒಂಟಿಯಾಗಿ ಬದುಕಬಲ್ಲವನು. ಉಳಿದವರಿಗೆಲ್ಲ ಸೋಲುವುದಕ್ಕೆ ಎದುರಿಗೆ ಒಬ್ಬರು ಬೇಕೇ ಬೇಕು. ಎಕ್ಸೆಲ್‌ಗೆ ಹಾಗಲ್ಲ, ಯಾರನ್ನೂ ತಳ್ಳದೆ, ತನ್ನ ಕೆಲಸದಲ್ಲಿ ತಾನು ಮೇಲೆದ್ದು ನಿಂತರೆ ಆಯಿತು. ನಮ್ಮಲ್ಲೂ ಹಾಗೇ. 'ಅವನಿಗಿಂತ ಒಂದು ಕೈ ಮೇಲು' ಅಂದರೆ ಕೆಳಗೆ ಒಬ್ಬನಿದ್ದಾನೆ. 'ಎತ್ತಿದ ಕೈ' ಅಂದರೆ ಯಾರೂ ಇಲ್ಲ, ಬರೀ ಕೈ. ಹಾಲು ಕರೆಯುವುದರಲ್ಲಿ ನಿಮ್ಮಮ್ಮ ಎತ್ತಿದ ಕೈ ಅಂದೆ. "ನನ್ ಕೈ ಕೆಳಗೇ ಐತೆ ಕಣಕ್ಕ, ಎತ್ತುದ್ರೆ ಆಲು ಯಾರು ಕರೀತಾರೆ?" ಅಂದಳು ಮಂಜುಳ.

ಆಕೆ ಎದ್ದು ಬಂದಾಗ ನಾನು ಯಾವತ್ತೂ ನೋಡುವಂತೆ ಚುಕ್ಕಿಯ ಕೆಚ್ಚಲು ನೋಡಿದೆ. ಮೂರು ಮೊಲೆ ಸೊರಗಿದ್ದವು, ಬಲಗಡೆಯ ಹಿಂದಿನದು ತುಂಬಿಕೊಂಡೇ ಇತ್ತು. ಕರುವನ್ನು ಬಿಚ್ಚಿದಳು. ಅದು ನೇರವಾಗಿ ಆ ಒಂದಕ್ಕೇ ಹೋಗಿ ಬಾಯಿ ಹಾಕಿತು.

ಇದು ನಮ್ಮತ್ತೆ ನಡೆಸಿಕೊಂಡು ಬಂದ ಕ್ರಮ. ಮೂರು ಮೊಲೆ ಮನೆಗೆ, ಒಂದು ಕರುವಿಗೆ. ಮಳೆ ಇರಲಿ ಇಲ್ಲದಿರಲಿ, ಮನೆಯಲ್ಲಿ ನೆಂಟರಿರಲಿ, ಮಜ್ಜಿಗೆಗೆ ಹಾಲಿಲ್ಲದಿರಲಿ, ನಾಲ್ಕನೆಯದನ್ನು ಮುಟ್ಟುವಂತಿರಲಿಲ್ಲ. ಡೈರಿ ಬಂದ ಮೇಲೆ ಊರಿನಲ್ಲಿ ಎಲ್ಲರೂ ಕರುವಿಗೆ ಅಳತೆಯ ಪಾತ್ರೆಯಲ್ಲಿ ಹಾಲು ಕುಡಿಸಿ, ನಾಲ್ಕನ್ನೂ ಹಿಂಡಿ ಡೈರಿಗೆ ಹಾಕುವುದು ರೂಢಿಯಾಯಿತು. ಶಿವಣ್ಣ ಎಷ್ಟೋ ಸಲ ಹೇಳಿ ನೋಡಿದ. ಅತ್ತೆ ತೀರಿಕೊಂಡ ಮೇಲಾದರೂ ಬದಲಾಗಬಹುದು ಅಂದುಕೊಂಡ. ಆಗಲಿಲ್ಲ. ಅತ್ತೆಯ ಜಾಗದಲ್ಲಿ ಮಂಜುಳ ಕೂತಿದ್ದಳು.

ಆ ಚಳಿಗಾಲದಲ್ಲಿ ಕೆ.ಆರ್. ಪೇಟೆಯ ಮೈದಾನದಲ್ಲಿ ಹಾಲು ಕರೆಯುವ ಸ್ಪರ್ಧೆ ಇಟ್ಟರು. ಶಿವಣ್ಣ ಯಾರನ್ನೂ ಕೇಳದೆ ಚುಕ್ಕಿಯ ಹೆಸರು ಬರೆಸಿ ಬಂದ. ಅವನ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ನಾಗಮಂಗಲದ ಕಡೆಯ ಒಬ್ಬ ದೊಡ್ಡ ಡೈರಿಯವರು ಚುಕ್ಕಿಯನ್ನು ಎರಡು ಸಲ ನೋಡಿಕೊಂಡು ಹೋಗಿದ್ದರು. ಸ್ಪರ್ಧೆಯಲ್ಲಿ ಗೆದ್ದ ಹಸುವೇ ತಮಗೆ ಬೇಕು, ಗೆದ್ದರೆ ಅಲ್ಲೇ ಮಾತು ಮುಗಿಸೋಣ, ಇಲ್ಲದಿದ್ದರೆ ಬೇಡ ಅಂದಿದ್ದರು. ಕೊಟ್ಟಿಗೆಯ ಹೆಂಚು ಒಡೆದು ಮಳೆಗಾಲದಲ್ಲಿ ಹಸುಗಳು ನಿಂತೇ ಇರುತ್ತಿದ್ದವು. ಅದಕ್ಕೆ ಶೀಟು ಹೊದಿಸಿ, ನೆಲಕ್ಕೆ ಕಲ್ಲು ಹಾಸುವ ಆಸೆ ಶಿವಣ್ಣನಿಗೆ.

"ಅತ್ಗೆ, ನೀವೇ ಏಳಿ ಅವ್ಳಿಗೆ," ಅಂತ ಗೋಡೆ ಸುತ್ತಿಕೊಂಡು ನಮ್ಮ ಕಡೆ ಬಂದ. "ಅಸಕ್ಕೆ ಎಸ್ರು ಬಂದಾಗ್ಲೇ ಕೊಡ್ಬೇಕು. ಇನ್ನೆರಡು ಸೂಲು ಕರ ಆಕಿ ವಯಸ್ಸಾದ್ಮೇಲೆ ಯಾರ್ ಕೇಳ್ತಾರೆ? ನಾನೇನ್ ಕಸಾಯಿಗ್ ಕೊಡ್ತಾ ಇದ್ದೀನಾ? ನಮ್ಮನೆಗಿಂತ ಚೆನ್ನಾಗ್ ನೋಡ್ಕತಾರೆ."

ಅವನು ಹೇಳಿದ್ದೆಲ್ಲ ಸರಿಯಾಗಿತ್ತು.

ಮಾರನೆಯ ದಿನ ಮಂಜುಳ ಹುಲ್ಲು ಹಾಕುತ್ತಾ, ನನ್ನ ಕಡೆ ನೋಡದೆ, "ಗೆದ್ರೆ ಓಯ್ತದೆ. ಸೋತ್ರೆ ಉಳೀತದೆ. ಅಲ್ವಾ ಅಕ್ಕ?" ಅಂದಳು.

"ಹೌದು."

"ನಾನೇನ್ ಮೋಸ ಮಾಡಾಕಿಲ್ಲ. ಮನೇಲಿ ಎಂಗ್ ಕರೀತೀನೋ ಅಂಗೇ ಕರೀತೀನಿ. ಮೂರು. ನಾಕ್ನೇದು ಕರೂಗೆ. ಅತ್ತೆ ಏಳ್ಕೊಟ್ಟಂಗೆ. ಅದ್ರಲ್ಲಿ ತಪ್ಪೇನೈತೆ?"

ಆಕೆಗೆ ಗೆಲ್ಲುವ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿಂದಿನ ವರ್ಷ ಗೆದ್ದವರ ಫೋಟೋ ಡೈರಿಯ ಗೋಡೆಯ ಮೇಲಿತ್ತು. ಹಾಲು ಹಾಕಲು ಹೋದಾಗಲೆಲ್ಲ ಕ್ಯಾನು ಕೆಳಗಿಟ್ಟು ಅದನ್ನು ಒಮ್ಮೆ ನೋಡಿಯೇ ಬರುವುದನ್ನು ನಾನು ಕಂಡಿದ್ದೆ. ಅಡಿಗೆ ಮಾಡಿದರೆ ಉಂಡು ಮರೆಯುತ್ತಾರೆ, ಕಳೆ ಕಿತ್ತರೆ ಮತ್ತೆ ಬೆಳೆಯುತ್ತದೆ. ಒಂದೇ ಒಂದು ಸಲ ನಾಲ್ಕು ಜನರ ಮುಂದೆ ಮಂಜುಳನ ಕೈಗೆ ಹೆಸರು ಬರುವ ಅವಕಾಶ ಅದು. ಅದನ್ನು ಬಿಟ್ಟುಕೊಡಲು ಆಕೆ ತೀರ್ಮಾನ ಮಾಡಿದ್ದಳು. ಆ ಸಂಜೆ ಭವ್ಯಳನ್ನು ಕೇಳಿದೆ: ಗೆಲ್ಲಬಲ್ಲವರು ಬೇಕೆಂದೇ ಹಿಂದೆ ನಿಲ್ಲುವುದಕ್ಕೆ ನಿನ್ನ ಮೊಬೈಲಿನಲ್ಲಿ ಮಾತಿದೆಯಾ? ಅವಳು ಬೆರಳಾಡಿಸಿ ಹುಡುಕಿ, "ಇಲ್ಲಿ ಎಲ್ಲಾ ಮುಂದೆ ಹೋಗೋರೇ ಅವ್ರೆ ದೊಡ್ಡಮ್ಮ" ಅಂದಳು.

ಸ್ಪರ್ಧೆಗೆ ಹಸುಗಳನ್ನು ಹಿಂದಿನ ದಿನವೇ ಕರೆತರಬೇಕು. ಸಂಜೆ ಎಲ್ಲರ ಮುಂದೆ ಪ್ರತಿ ಹಸುವಿನ ಕೆಚ್ಚಲನ್ನೂ ಪೂರ್ತಿ ಬರಿದು ಮಾಡಿಸುತ್ತಾರೆ. ಯಾರೂ ಹಿಂದಿನ ಹೊತ್ತಿನ ಹಾಲು ಉಳಿಸಿಕೊಂಡು ಮೋಸ ಮಾಡಬಾರದೆಂದು. ಅಂದು ಮಾತ್ರ ಮಂಜುಳ ನಾಲ್ಕನ್ನೂ ಕರೆದಳು, ಕರುವನ್ನು ಊರಿನಲ್ಲೇ ಬಿಟ್ಟು ಬಂದಿದ್ದಳು. ಮಾರನೆಯ ಬೆಳಿಗ್ಗೆ ಕರೆದದ್ದೇ ಲೆಕ್ಕಕ್ಕೆ.

ಬೆಳಿಗ್ಗೆ ನಾನು, ಭವ್ಯ ಮೊದಲ ಬಸ್ಸಿಗೆ ಹೋದೆವು. ಮೈದಾನದಲ್ಲಿ ಶಾಮಿಯಾನ, ಮೈಕು, ಇಡ್ಲಿ ಬೇಯುವ ವಾಸನೆ. ಸಾಲಾಗಿ ಗೂಟಕ್ಕೆ ಕಟ್ಟಿದ ಹಸುಗಳು. ಮೈ ತೊಳೆಸಿಕೊಂಡು, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು ನಿಂತಿದ್ದವು. ಮಂಜುಳನ ಪಕ್ಕದ ಗೂಟ ಪಾಂಡವಪುರದ ಕಡೆಯ ಒಬ್ಬ ಯಜಮಾನರದು. ದಪ್ಪ ಮೀಸೆ, ತಲೆಗೆ ಟವೆಲ್ಲು.

"ಏನವ್ವಾ, ನಿಮ್ ಅಸ ಯಾಕ್ ಅಂಗ್ ಸುತ್ತಾ ನೋಡ್ತೈತೆ? ಬಸ್ ಮಿಸ್ಸಾಗೋಯ್ತಾ?" ಅಂತ ಅವರು ತಮಾಷೆ ಮಾಡಿದರು.

"ಕರ ಬುಟ್ ಬಂದೈತೆ ಕಣಣ್ಣ," ಅಂದಳು ಮಂಜುಳ.

ಅವರ ನಗು ನಿಂತಿತು. "ನಮ್ದೂ ಅಂಗೇಯ. ಬೆಳಗಾನ ಕೂಗ್ತು," ಅಂದು ತಮ್ಮ ಹಸುವಿನ ಕೊರಳ ಕೆಳಗಿನ ಗಂಗೆದೊಗಲು ನೀವಿದರು.

ಚುಕ್ಕಿ ಮೇವು ಮುಟ್ಟಿರಲಿಲ್ಲ. ಮೈಕಿನಲ್ಲಿ ಯಾರೋ ಒಬ್ಬ, ಹಾಲು ಕರೆಯುವುದಲ್ಲ ಯುದ್ಧ ನಡೆಯುತ್ತಿದೆಯೇನೋ ಎಂಬಂತೆ ಅರಚುತ್ತಿದ್ದ. ಪ್ರತಿ ಸಲ ಅವನು ಕೂಗಿದಾಗಲೂ ಅದರ ಚರ್ಮ ಅದುರುತ್ತಿತ್ತು. ಹೀಗೆ ಹೆದರಿದ ಹಸು ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತದೆ. ಎಷ್ಟು ಹಿಂಡಿದರೂ ಬರುವುದಿಲ್ಲ. ಮಂಜುಳ ಏನೂ ಮಾಡದೆ ಸುಮ್ಮನಿದ್ದರೂ ಸೋಲು ತಾನಾಗಿ ಬರುವಂತಿತ್ತು. ಶಿವಣ್ಣ ಹಗ್ಗದ ಆಚೆ ನಿಂತು ಬೆರಳಿನ ನೆಟಿಗೆ ಮುರಿಯುತ್ತಿದ್ದ. ನಾಗಮಂಗಲದ ಡೈರಿಯವರು ಮುಂದಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು.

ಸೀಟಿ ಊದಿದರು. ಮಂಜುಳ ಕುಕ್ಕರುಗಾಲಿನಲ್ಲಿ ಕೂತು, ಚುಕ್ಕಿಯ ತೊಡೆಗೆ ಹಣೆ ಒತ್ತಿ, ಏನೋ ಮೆಲ್ಲಗೆ ಮಾತಾಡತೊಡಗಿದಳು. ಎರಡೂ ಕಡೆಯವರ ಬಕೆಟ್ಟಿನಲ್ಲಿ ಆಗಲೇ ಸದ್ದು ಶುರುವಾಗಿತ್ತು. ಇವಳದು ಖಾಲಿ. "ಕರೀಲೇ ಮಂಜಿ!" ಅಂತ ಶಿವಣ್ಣ ಕೂಗಿದ. ಅವಳು ಕರೆಯಲಿಲ್ಲ. ಬೆಚ್ಚನೆಯ ನೀರಿನಲ್ಲಿ ಕೆಚ್ಚಲು ತೊಳೆದು, ಅಂಗೈಯಲ್ಲಿ ನೀವುತ್ತಾ ಇದ್ದಳು. ಸ್ವಲ್ಪ ಹೊತ್ತಿಗೆ ಚುಕ್ಕಿ ಒಂದು ದೊಡ್ಡ ಉಸಿರು ಬಿಟ್ಟು, ಕಿವಿ ಇಳಿಸಿ, ಮೆಲುಕು ಹಾಕಲು ಶುರು ಮಾಡಿತು. ಆಮೇಲೆ ಹಾಲಿನ ಸದ್ದು ಬಂತು. ಮೊದಲು ತಗಡಿನ ಮೇಲೆ, ಆಮೇಲೆ ನೊರೆಯ ಮೇಲೆ.

ಮೂರು ಮುಗಿದವು. ಮಂಜುಳನ ಕೈ ನಿಂತಿತು.

ನಾನು ನೋಡುತ್ತಲೇ ಇದ್ದೆ. ಬಲಗಡೆಯ ಹಿಂದಿನ ಮೊಲೆ ಬಿಗಿದು ನಿಂತಿತ್ತು, ತುದಿಯಲ್ಲಿ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಅವಳು ಎದ್ದರೆ ಆಯಿತು. ಸೆರಗಿನಿಂದ ಕೈ ಒರೆಸಿಕೊಂಡು ಎದ್ದರೆ ಚುಕ್ಕಿ ನಮ್ಮದಾಗಿಯೇ ಸಂಜೆಗೆ ಊರು ಸೇರುತ್ತದೆ. ಚುಕ್ಕಿ ಕತ್ತು ತಿರುಗಿಸಿ ಅವಳ ಬೆನ್ನನ್ನು ಮೂಸಿ, ಮತ್ತೆ ಮುಂದೆ ತಿರುಗಿಕೊಂಡಿತು. ಮಂಜುಳ ಹಣೆಯನ್ನು ಇನ್ನೂ ಒತ್ತಿ ಹಿಡಿದಳು. ಆಮೇಲೆ ಅವಳ ಕೈ ನಾಲ್ಕನೆಯದಕ್ಕೆ ಹೋಯಿತು.

ಕೊನೆಯ ತೊಟ್ಟಿನವರೆಗೂ ಕರೆದಳು. ಅಷ್ಟು ಶ್ರದ್ಧೆಯಿಂದ ಅವಳು ಹಾಲು ಕರೆದದ್ದನ್ನು ನಾನು ಮನೆಯಲ್ಲೂ ನೋಡಿರಲಿಲ್ಲ.

ತೂಕ ಹಾಕಿದರು. ಚುಕ್ಕಿಯ ಹೆಸರು ಕೂಗಿ ಮೈಕಿನವನ ಗಂಟಲು ಹರಿಯಿತು. ಪಕ್ಕದ ಗೂಟದ ಯಜಮಾನರು ಎರಡನೆಯವರಾದರು. ಎದ್ದು ಬಂದು, "ನಿನ್ ಕೈಗೆ ಸೋತ್ರೆ ಸೋಲಲ್ಲ ಬುಡವ್ವ. ನೀನ್ ಕಾದಿದ್ ನೋಡ್ದೆ. ನಂಗೆ ಆ ತಾಳ್ಮೆ ಇಲ್ಲ," ಅಂದರು. ಶಿವಣ್ಣನ ಕಣ್ಣಲ್ಲಿ ನೀರಿತ್ತು. ಅವನು ಹೆಂಡತಿಯನ್ನು ಹೊಗಳಿದ್ದನ್ನು ಊರು ಕೇಳಿದ್ದು ಅದೇ ಮೊದಲು: "ನಮ್ ಮಂಜುಳನ್ ಮುಂದೆ ಯಾರೂ ಇಲ್ಲ ಕಣ್ರಲಾ!" ಅವಳ ಕೊರಳಿಗೆ ಹಾರ ಹಾಕಿದರು, ಚುಕ್ಕಿಯ ಕೊರಳಿಗೂ ಹಾಕಿದರು. ಚುಕ್ಕಿ ಅವಳ ಹಾರದಿಂದ ಒಂದು ಚೆಂಡುಹೂವು ಕಿತ್ತು ತಿಂದಿತು. ಫೋಟೋ ತೆಗೆದರು. ಫೋಟೋದಲ್ಲಿ ಮಂಜುಳ ನಗುತ್ತಿದ್ದಾಳೆ. ನಿಜವಾಗಿಯೂ ನಗುತ್ತಿದ್ದಾಳೆ, ಬೇಕಾದರೆ ಡೈರಿಗೆ ಹೋಗಿ ನೋಡಿ.

ನಾನು ಅವಳನ್ನು ಕೇಳಿದ್ದು ಆಮೇಲೆ, ನಲ್ಲಿಯ ಹತ್ತಿರ ಅವಳು ಬಕೆಟ್ಟು ತೊಳೆಯುವಾಗ. "ಯಾಕೆ ಮಂಜುಳ? ಮೂರಕ್ಕೇ ಬಿಡ್ತೀನಿ ಅಂದಿದ್ದೆ."

ಅವಳು ಬಕೆಟ್ಟು ಉಜ್ಜುತ್ತಲೇ ಹೇಳಿದಳು:

"ಮನೇಲಾದ್ರೆ ಕರ ಇರ್ತದೆ ಅಕ್ಕ, ಬುಡ್ಬೋದು. ಇಲ್ಲಿ ಕರ ಇಲ್ಲ. ಗುರ್ತಿಲ್ದಿದ್ ಜಾಗ, ಆ ಮೈಕು, ಅಷ್ಟ್ ಜನ. ಎದ್ರಿ ಸಾಯ್ತಿತ್ತು. ಆದ್ರೂ ನನ್ನ ನಂಬ್ಕಂಡು ಆಲೆಲ್ಲ ಇಳಿಸ್ಬುಡ್ತು. ಇಳಿಸಿದ್ಮೇಲೆ ನಾನ್ ಎಂಗಕ್ಕ ಕೈ ತಗೀಲಿ? ಕೆಚ್ಲು ಬಿಗ್ದು ಸಂಜೆಗಂಟ ನೋಯ್ತಿತ್ತು." ನೀರು ಚೆಲ್ಲಿ ಬಕೆಟ್ಟು ಬೋರಲು ಹಾಕಿದಳು. "ನಾನ್ ಗೆಲ್ಬೇಕು ಅಂತ ಕರೀಲಿಲ್ಲ ಕಣಕ್ಕ. ಸೋಲ್ಬೇಕು ಅಂತ ಬುಡಕೂ ಆಗ್ಲಿಲ್ಲ."

ಮೇಷ್ಟ್ರ ಕಾಲದಿಂದ ಅಷ್ಟು ಮಾತುಗಳನ್ನು ಹಿತುಕಿದವಳು ನಾನು. ಬೋರಲು ಹಾಕಿದ ಬಕೆಟ್ಟನ್ನು ಎತ್ತಿಕೊಂಡು ಅವಳ ಹಿಂದೆ ನಡೆದೆ.

ಕೊಟ್ಟ ಮಾತಿನಂತೆ ನಾಗಮಂಗಲದವರು ಗಾಡಿ ತಂದರು. ಜೊತೆಗೆ ಅವರ ಹೆಂಡತಿಯೂ ಬಂದಿದ್ದರು. ಇನ್ನೂ ಚಿಕ್ಕ ವಯಸ್ಸು, ಕೈತುಂಬ ಹಸಿರು ಬಳೆ. ಹಸು, ಕರು ಎರಡೂ ಹೋಗಬೇಕು. ಮಂಜುಳ ಅಳಲಿಲ್ಲ. ಅರಿಸಿನ ಕುಂಕುಮ ಇಟ್ಟು, ಅಕ್ಕಿ ಬೆಲ್ಲ ತಿನ್ನಿಸಿದಳು. ಆಮೇಲೆ ಆ ಹೆಂಗಸನ್ನು ಕೊಟ್ಟಿಗೆಯ ಒಳಗೆ ಕರೆದುಕೊಂಡು ಹೋಗಿ, ಎಲ್ಲಿ ನೀವಿದರೆ ಹಿತ, ಯಾವ ಕಡೆಯಿಂದ ಕೂರಬೇಕು, ಕರುವಿಗೆ ಯಾವುದನ್ನು ಬಿಡಬೇಕು ಎಲ್ಲ ತೋರಿಸಿದಳು.

"ನನ್ ಕೈಗೆ ಬತ್ತದಾ ಅಕ್ಕ? ಬಳೆ ಸದ್ದಿಗೆ ಎದರ್ಕಳದಾ?" ಅಂತ ಆಕೆ ಅಂಜುತ್ತಾ ಕೇಳಿದಳು.

"ಬತ್ತದೆ ಕಣವ್ವ. ಬಳೆ ವಸಿ ಮ್ಯಾಲ್ ಸರಿಸ್ಕೊ. ತಡಿ."

ಮಂಜುಳ ಒಳಗೆ ಹೋಗಿ ಒಂದು ಸೀರೆ ತಂದಳು. ಹಾಲು ಕರೆಯುವಾಗ ದಿನಾ ಉಡುತ್ತಿದ್ದ ಹಳೆಯ ನೂಲಿನ ಸೀರೆ. ಬೂದಿ ಬಣ್ಣವೋ ನೀಲಿಯೋ ಹೇಳಲಾಗದ ಹಾಗೆ ಮಾಸಿತ್ತು. ನಮ್ಮ ಕಡೆ ಇದೊಂದು ಪದ್ಧತಿ. ಹಸು ಕೈ ಬದಲಾಗುವಾಗ ಹಳೆಯ ಕೈಯವರ ಸೀರೆಯನ್ನು ಹೊಸ ಕೈಯವರು ಸುತ್ತಿಕೊಂಡು ಕೂತರೆ, ಆ ವಾಸನೆಗೆ ಹಸು ಮೋಸಹೋಗಿ ಹಾಲು ಇಳಿಸುತ್ತದೆ. ಸಾಧಾರಣವಾಗಿ ಒಂದು ತುಂಡು ಹರಿದು ಕೊಡುತ್ತಾರೆ. ಮಂಜುಳ ಇಡೀ ಸೀರೆಯನ್ನೇ ಮಡಿಸಿ ಆಕೆಯ ಕೈಗಿಟ್ಟಳು. "ಒಗೀಬ್ಯಾಡ. ಒಂದ್ ತಿಂಗ್ಳು ಇಂಗೇ ಉಟ್ಕೊ. ಆಮೇಲೆ ನಿನ್ ವಾಸ್ನೇನೆ ಇಡಿಸ್ತದೆ, ನನ್ನ ಮರ್ತೋಯ್ತದೆ."

ಗಾಡಿ ಹೋಯಿತು. ತಿರುವಿನವರೆಗೂ ಚುಕ್ಕಿಯ ಹಣೆಯ ಬಿಳಿ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು ನಾಷ್ಟಕ್ಕೆ ರೊಟ್ಟಿ ತಟ್ಟಿಟ್ಟು ಹಿತ್ತಿಲಿಗೆ ಬಂದೆ. ಮಂಜುಳ ಬೇರೆ ಸೀರೆ ಉಟ್ಟು, ಬಕೆಟ್ಟು ತೊಡೆಯ ನಡುವೆ ಇಟ್ಟುಕೊಂಡು, ಉಳಿದ ಕೆಂಚಿಯ ಮಗ್ಗುಲಲ್ಲಿ ಕೂತಿದ್ದಳು. ಬಕೆಟ್ಟಿನಲ್ಲಿ ಒಂದು ತೊಟ್ಟೂ ಇರಲಿಲ್ಲ. ಕೆಂಚಿ ಕತ್ತು ಹಿಂದಕ್ಕೆ ತಿರುಗಿಸಿ ಅವಳನ್ನು ಮೂಸುತ್ತಿತ್ತು. ಮೂಸಿ, ಗುರುತು ಹತ್ತದೆ, ಕಾಲು ಎತ್ತಿಟ್ಟು ಆಚೆ ಸರಿಯಿತು. ಮಂಜುಳ ಕುಕ್ಕರುಗಾಲಿನಲ್ಲೇ ಹಿಂದೆ ಸರಿದು ಮತ್ತೆ ಹತ್ತಿರ ಹೋದಳು.

"ಡೈರಿ ಗಾಡಿ ಬರೋ ಹೊತ್ತಾಯ್ತು ಕಣೆ," ಅಂದೆ ನಾನು.

"ಓಗ್ಲಿ ಬುಡಕ್ಕ," ಅಂದಳು. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಯನ್ನು ಕೆಂಚಿಯ ತೊಡೆಗೆ ಒತ್ತಿ, "ನಾನೇ ಕಣೆ, ನಾನೇ" ಅಂತ ಮೆಲ್ಲಗೆ ಹೇಳತೊಡಗಿದಳು.